ವಾಸಂತಿಯ ಪಾಲಿನ ಮೊಟ್ಟೆ

ಆಗೆಲ್ಲ ಉಚ್ಚಿಲದ ನಮ್ಮ ಕಡಲ ದಂಡೆಯಲ್ಲಿ ಬೆಳಗಾಗುತ್ತಲೇ ಓಡುವ ಹೆಣ್ಣುಗಳೆಂದರೆ ಎರಡೇ ಬಗೆ. ದೋಣಿ ಬಂತೆಂದು ಬುಟ್ಟಿ ಹಿಡಿದು ಓಡುವ ಹೆಂಗಸರು ಒಂದು ಬಗೆ. ಕೆಲಸವಿಲ್ಲದೆ ಸುಮ್ಮನೆ ಓಡುವ ನಾನು ಮತ್ತು ವಾಸಂತಿ ಇನ್ನೊಂದು. ದೆಹಲಿಯ ಏಷ್ಯನ್ ಕ್ರೀಡಾಕೂಟ, ಅಂದರೆ ಏಷ್ಯಾಡ್‌ಗೆ ಇನ್ನೂ ಎರಡು ವರ್ಷವಿತ್ತು. ನಾವು ಒಂಬತ್ತನೇ ಕ್ಲಾಸು. ಕಡಲು ಇಳಿದ ಹೊತ್ತು ನೋಡಿ, ಗಟ್ಟಿಯಾದ ಒದ್ದೆ ಮರಳಿನ ಮೇಲೆ ನಮ್ಮ ಡ್ರಿಲ್ ಮಾಸ್ಟ್ರು ಕಾಲಿನಿಂದಲೇ ಗೆರೆ ಎಳೆದು ಸೀಟಿ ಊದುತ್ತಿದ್ದರು. ವಾಸಂತಿ ಮೊದಲು, ನಾನು ಎರಡನೆಯವಳು. ಮರುದಿನವೂ ಹಾಗೆಯೇ. ಅವಳ ಎರಡು ಜಡೆಗಳ ಕೆಂಪು ರಿಬ್ಬನ್ನು ನನ್ನ ಮೂಗಿನೆದುರೇ ಕುಣಿಯುತ್ತಿತ್ತು. ಹಿಡಿದು ಎಳೆದುಬಿಡಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದ್ದುಂಟು.

ಅವಳು ಊರಿನ ದೇವಸ್ಥಾನದಲ್ಲಿ ಪೂಜೆ ಮಾಡುವ ಭಟ್ಟರ ಮಗಳು, ಕಡ್ಡಿಯಂಥ ಹುಡುಗಿ. ನಾನೋ ಮೀನು ತಿಂದು ಬೆಳೆದ ಗಟ್ಟಿ ಮೈಯವಳು. "ಎಂತ ಗುಲಾಬಿ, ಬಂಗುಡೆ ತಿಂದವಳನ್ನು ಸೌತೆಕಾಯಿ ಹುಳಿ ತಿಂದವಳು ಸೋಲಿಸ್ತಾಳಲ್ಲ!" ಎಂದು ನನ್ನ ಅಣ್ಣ ನಗುತ್ತಿದ್ದ. ಅವನ ಮಾತಿಗೆ ಮನೆಮಂದಿಯೆಲ್ಲ ನಕ್ಕರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಆ ವರ್ಷ ಬೊಂಬಾಯಿಯಲ್ಲಿ ಹೋಟೆಲುಗಳನ್ನಿಟ್ಟಿದ್ದ ನಮ್ಮೂರಿನ ಧಣಿಗಳೊಬ್ಬರು ತಮ್ಮ ತಾಯಿಯ ಹೆಸರಿನಲ್ಲಿ ಟ್ರಸ್ಟು ಮಾಡಿದರು. ನಮ್ಮ ಶಾಲೆಯ ಒಬ್ಬ ಓಟಗಾರ್ತಿಯನ್ನು ಏಷ್ಯಾಡ್‌ವರೆಗೆ ಮುಟ್ಟಿಸುವ ಹೊಣೆ ತಮ್ಮದೆಂದು ಕಾಗದ ಬರೆದರು. ಒಬ್ಬಳನ್ನು ಮಾತ್ರ. ಯಾರೆಂದು ಬೇರೆ ಹೇಳಬೇಕೆ? ವಾರದೊಳಗೆ ಬೊಂಬಾಯಿ ಬಸ್ಸಿನಲ್ಲಿ ಪಾರ್ಸೆಲ್ಲು ಬಂತು: ಅಡಿಯಲ್ಲಿ ಮೊಳೆಗಳಿದ್ದ ಬಿಳಿಯ ಸ್ಪೈಕ್ಸ್ ಬೂಟು, ನೀಲಿ ಟ್ರ್ಯಾಕ್ ಸೂಟು. ಆ ಹೊಸ ಚರ್ಮದ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ವಾಸಂತಿ ಒಂದು ಸ್ಪೈಕ್ಸನ್ನು ನನ್ನ ಕೈಗೆ ಕೊಟ್ಟು "ನೋಡು, ಎಷ್ಟು ಹಗುರ ಉಂಟು" ಎಂದಳು. ನಾನು ನೋಡದೆಯೇ ಹಿಂದೆ ಕೊಟ್ಟೆ.

ಕಾಗದದಲ್ಲಿ ಇನ್ನೊಂದು ಸಾಲಿತ್ತು. ಹುಡುಗಿಗೆ ದಿನಾ ಹಾಲು ಮತ್ತು ಎರಡು ಮೊಟ್ಟೆ. ಡ್ರಿಲ್ ಮಾಸ್ಟ್ರಿಗೆ ಆ ಸಾಲು ವೇದವಾಕ್ಯ. ಭಟ್ಟರಿಗೆ ಅವರು ಹಾಲಿನ ವಿಷಯ ಮಾತ್ರ ಹೇಳಿದರು. ಮೊಟ್ಟೆಯ ಏರ್ಪಾಡನ್ನು ನಮ್ಮ ಮನೆಯಲ್ಲಿ ಮಾಡಿದರು. ಅಮ್ಮ ಕೋಳಿ ಸಾಕಿದ್ದಳಲ್ಲ! ನಮ್ಮದೇ ಕೋಳಿ, ನಮ್ಮದೇ ಒಲೆ, ಬೇಯಿಸಿ ಸಿಪ್ಪೆ ಸುಲಿಯುವುದೂ ನನ್ನ ಅಮ್ಮನೇ. ತಿನ್ನುವವಳು ಮಾತ್ರ ವಾಸಂತಿ. ಆ ಎರಡು ಮೊಟ್ಟೆಗೆ ಅಮ್ಮ ಕಾಳುಮೆಣಸಿನ ಪುಡಿ, ಉಪ್ಪು ಉದುರಿಸುವುದನ್ನು ನೋಡುತ್ತಾ ನಾನು ಗಂಜಿ ಉಣ್ಣುತ್ತಿದ್ದೆ. ಹೊಟ್ಟೆಕಿಚ್ಚು ಎಂದರೆ ಏನೆಂದು ಯಾರಾದರೂ ಕೇಳಿದರೆ ನನಗೆ ಮೊದಲು ಆ ಕಾಳುಮೆಣಸಿನ ಪರಿಮಳವೇ ನೆನಪಾಗುತ್ತದೆ.

ಮೊದಲ ದಿನವೇ ವಾಸಂತಿ ತಟ್ಟೆ ಹಿಡಿದು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋದಳು. ನಾನೂ ಹಿಂದೆಯೇ ಹೋದೆ. ಅವಳು ಮೂಗು ಮುಚ್ಚಿಕೊಂಡು ನಿಂತಿದ್ದಳು.

"ನನ್ನಿಂದ ಆಗುದಿಲ್ಲ ಮಾರಾಯ್ತಿ, ವಾಕರಿಕೆ ಬರ್ತದೆ. ನೀನೇ ತಿನ್ನು."

"ಮಾಸ್ಟ್ರಿಗೆ ಹೇಳು, ಬೇಡ ಅಂತ."

"ಹೇಳಿದೆ. ಮೊಟ್ಟೆ ಬೇಡ ಅಂದ್ರೆ ಧಣಿಗಳಿಗೆ ಇಡೀ ಸಹಾಯವೇ ಬೇಡ ಅಂದ ಹಾಗೆ ಅಂದ್ರು. ಯಾರಿಗೂ ಹೇಳ್ಬೇಡ, ಆಯ್ತಾ?"

ನಾನು ತಿಂದೆ. ಮರುದಿನವೂ ತಿಂದೆ. ಹೀಗೆ ಆರು ತಿಂಗಳು ಅವಳ ಪಾಲಿನ ಮೊಟ್ಟೆಗಳನ್ನೆಲ್ಲ ತಿಂದವಳು ನಾನು. ಅವಳು ನನ್ನ ಅಮ್ಮ ಕೊಡುತ್ತಿದ್ದ ಬೆಲ್ಲ ಹಾಕಿದ ಅವಲಕ್ಕಿ ಮೆಲ್ಲುತ್ತಾ ಕಲ್ಲಿನ ಮೇಲೆ ಕೂತು ನಗುತ್ತಿದ್ದಳು. ಇನ್ನು ನಾನು ಗೆದ್ದೆ ಎಂದುಕೊಂಡೆ. ಎಲ್ಲಿ! ಉಡುಪಿಯ ಕ್ರೀಡಾಕೂಟದಲ್ಲಿ ನಾನೂರು ಮೀಟರ್ ಓಟಕ್ಕೆ ಅವಳು ಮೊದಲು, ನಾನು ಎರಡನೆಯವಳು. ನಡುವಿನ ಅಂತರ ಇನ್ನಷ್ಟು ಹೆಚ್ಚಿತ್ತು. ಅವಳ ಮೊಟ್ಟೆ ತಿಂದೂ ಸೋತವಳಿಗೆ ಎಷ್ಟು ಉರಿಯಬೇಡ?

ಡ್ರಿಲ್ ಮಾಸ್ಟ್ರು ಮಾತ್ರ "ಮೊಟ್ಟೆಯ ಗುಣ ನೋಡಿ!" ಎಂದು ಧಣಿಗಳಿಗೆ ಕಾಗದ ಬರೆದರು.

ವಾರ್ಷಿಕೋತ್ಸವಕ್ಕೆ ಧಣಿಗಳೇ ಬಂದರು. ಮೈಕಿನ ಮುಂದೆ ನಿಂತು, ವಾಸಂತಿಯನ್ನು ಬೆಂಗಳೂರಿನ ತರಬೇತಿ ಶಿಬಿರಕ್ಕೆ ಕಳುಹಿಸುತ್ತೇವೆ, ದೇಶದ ತಂಡಕ್ಕೆ ಅಲ್ಲಿಂದಲೇ ಆರಿಸುವುದು, ಏಷ್ಯಾಡ್‌ವರೆಗೂ ನಾವಿದ್ದೇವೆ ಎಂದರು. ಚಪ್ಪಾಳೆ ನಿಲ್ಲಲಿಲ್ಲ. ಮುಂದಿನ ಸಾಲಿನಲ್ಲಿ ಭಟ್ಟರು ಶಲ್ಯದಿಂದ ಕಣ್ಣು ಒರೆಸಿಕೊಂಡರು. ಆಗ ಧಣಿಗಳು ಇನ್ನೊಂದು ಮಾತು ಸೇರಿಸಿದರು: "ದಿನಕ್ಕೆ ಎರಡು ಮೊಟ್ಟೆ ತಿನ್ನಿಸಿ ತಯಾರು ಮಾಡಿದ ಹುಡುಗಿ ಇವಳು!"

ಸಭೆ ಮುಗಿದ ಮೇಲೆ ಶಾಲೆಯ ಜಗಲಿಯಲ್ಲಿ ಭಟ್ಟರು ಮಗಳನ್ನು ಕರೆದರು. ಅವರದು ಏರುದನಿಯೇ ಅಲ್ಲ.

"ತಿಂದದ್ದು ಹೌದಾ?"

"ಇಲ್ಲ ಅಪ್ಪಯ್ಯ. ಒಂದು ದಿನವೂ ಇಲ್ಲ."

"ಅವಳು ತಿಂದೇ ಈ ವೇಗ ಬಂದದ್ದು ಭಟ್ರೇ," ಎಂದರು ಡ್ರಿಲ್ ಮಾಸ್ಟ್ರು, ಒಳ್ಳೆಯದೇ ಮಾಡುತ್ತಿದ್ದೇನೆಂಬ ಹುಮ್ಮಸ್ಸಿನಲ್ಲಿ. ಪಕ್ಕದಲ್ಲಿದ್ದ ನನ್ನ ಅಮ್ಮ ಸೆರಗು ತಿರುವುತ್ತಾ, "ನಾನು ದಿನಾ ಬೇಯಿಸಿ ಕೊಟ್ಟಿದ್ದೇನೆ. ಮಕ್ಕಳು ಹಿತ್ತಲಿಗೆ ತಕ್ಕೊಂಡು ಹೋಗ್ತಿದ್ದರು," ಎಂದಳು.

"ಅಪ್ಪಯ್ಯ, ತಿಂದದ್ದು ಗುಲಾಬಿ. ಕೇಳಿ ಬೇಕಾದರೆ."

ಭಟ್ಟರು ನನ್ನ ಕಡೆ ತಿರುಗಿದರು. "ಹೌದಾ ಮಗೂ? ಹೆದರಬೇಡ, ಇದ್ದದ್ದು ಹೇಳು."

ಹೌದು ಎಂದರೆ ಮುಗಿಯುತ್ತಿತ್ತು. ನನ್ನನ್ನು ಯಾರೂ ಹೊಡೆಯುತ್ತಿರಲಿಲ್ಲ. ಅಮ್ಮ ಬೈದು ಬಿಡುತ್ತಿದ್ದಳು, ಅಷ್ಟೆ. ಆದರೆ ವಾಸಂತಿಯ ಹೆಗಲಿನಲ್ಲಿ ಲೇಸು ಕಟ್ಟಿ ಇಳಿಬಿಟ್ಟ ಸ್ಪೈಕ್ಸ್ ನನಗೆ ಕಂಡಿತು.

"ನಂಗೆ ಗೊತ್ತಿಲ್ಲ," ಎಂದೆ.

ವಾಸಂತಿ ಅಳಲಿಲ್ಲ. ನನ್ನನ್ನೇ ನೋಡಿದಳು. ಭಟ್ಟರು ಅವಳ ಹೆಗಲಿನಿಂದ ಸ್ಪೈಕ್ಸ್ ತೆಗೆದು, ಎರಡೂ ಕೈಗಳಿಂದ ಡ್ರಿಲ್ ಮಾಸ್ಟ್ರಿಗೆ ಒಪ್ಪಿಸಿ ಕೈಮುಗಿದರು. ಆಮೇಲೆ ಅವಳು ಕಡಲ ಕಡೆ ಬರಲೇ ಇಲ್ಲ. ಬೇಸಿಗೆ ರಜೆ ಮುಗಿಯುವ ಮೊದಲೇ ಅವಳನ್ನು ಕಾರ್ಕಳದ ಸೋದರಮಾವನ ಮನೆಯಲ್ಲಿ ಓದಲು ಬಿಟ್ಟರು.

ಸ್ಪೈಕ್ಸ್ ನನಗೆ ಬಂತು. ನನ್ನ ಪಾದಕ್ಕೆ ಬಿಗಿ; ಹೆಬ್ಬೆರಳ ಉಗುರು ಕಪ್ಪಾಯಿತು, ಆದರೂ ಹಾಕಿಕೊಂಡೆ. ಬೆಂಗಳೂರಿನ ಶಿಬಿರಕ್ಕೂ ಹೋದೆ. ಮೊದಲ ದಿನ ಊಟದ ಕೋಣೆಯಲ್ಲಿ ನೋಡುತ್ತೇನೆ, ಮೊಟ್ಟೆ ತಿನ್ನದವರಿಗೆ ಬೇರೆ ಮೇಜು: ಮೊಳಕೆ ಬಂದ ಹೆಸರುಕಾಳು, ಬಾಳೆಹಣ್ಣು, ಎರಡು ಲೋಟ ಹಾಲು. ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಆ ದಿನ ನನ್ನ ತಟ್ಟೆಯ ಮೊಟ್ಟೆ ಹಾಗೆಯೇ ಉಳಿಯಿತು. ವೇಗ ಸಾಲದೆಂದು ಆರು ವಾರಕ್ಕೆ ನನ್ನನ್ನು ಮನೆಗೆ ಕಳುಹಿಸಿದರು. ಮತ್ತೆ ನಮ್ಮ ಮರಳಿನ ಮೇಲೆ ಓಡಿದರೂ ದಿನದಿಂದ ದಿನಕ್ಕೆ ನಿಧಾನವಾಗುತ್ತಿದ್ದೆ. ಮುಂದೆ ಕೆಂಪು ರಿಬ್ಬನ್ನು ಇರಲಿಲ್ಲ. ಮರು ವರ್ಷ ಧಣಿಗಳ ಟ್ರಸ್ಟು ನಮ್ಮ ಶಾಲೆಯನ್ನು ಬಿಟ್ಟು ಬೇರೆಲ್ಲಿಗೋ ಹೋಯಿತು.

ಈಗ ಉಡುಪಿಯಲ್ಲಿ ಕೆಂಪು ಟ್ರ್ಯಾಕು ಉಂಟು. ಮಕ್ಕಳ ಬೆನ್ನ ಮೇಲೆ ಕಂಪೆನಿಗಳ ಹೆಸರು ಉಂಟು. ಅಣ್ಣನ ಮೊಮ್ಮಗಳ ಓಟದ ತರಬೇತಿಯ ಅರ್ಜಿ ತುಂಬಿಸಲು ಕೂತರೆ ಮೂರನೇ ಸಾಲಿನಲ್ಲೇ ಕೇಳಿದ್ದಾರೆ: ಸಸ್ಯಾಹಾರವೋ, ಮಾಂಸಾಹಾರವೋ. ಒಂದು ಟಿಕ್ ಹಾಕಿದರೆ ಸಾಕು. ಈ ಮಕ್ಕಳನ್ನು ಕಂಡರೂ ನನಗೆ ಹೊಟ್ಟೆಕಿಚ್ಚೇ. ಸುಳ್ಳು ಯಾಕೆ ಹೇಳಲಿ?

ಹೋದ ವರ್ಷ ಬಜಗೋಳಿಯ ಮದುವೆಯೊಂದಕ್ಕೆಂದು ಕಾರ್ಕಳ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಬಸ್ಸು ಬಂದು ಜನ ನುಗ್ಗಿದರು. ಪಕ್ಕದಿಂದ ಸೀರೆಯ ನೆರಿಗೆ ಎತ್ತಿ ಹಿಡಿದ ಹೆಂಗಸೊಬ್ಬಳು ನನ್ನನ್ನು ದಾಟಿ ಓಡಿದಳು. ಆ ಬೆನ್ನನ್ನು ನಾನು ಗುರುತಿಸದೆ ಇರುತ್ತೇನೆಯೇ? ಹತ್ತುವಾಗ ತಿರುಗಿ ನನ್ನನ್ನು ಕಂಡವಳು, ಕಿಟಕಿಯಿಂದ ಕರೆದಳು: "ಗುಲಾಬೀ! ಬಾ ಮಾರಾಯ್ತಿ, ಸೀಟು ಹಿಡಿದಿದ್ದೇನೆ."

ಮಕ್ಕಳು, ಮಂಡಿನೋವು, ಬಿಸಿಲು ಎಲ್ಲ ಮಾತಾಡಿದೆವು. ಕೊನೆಗೆ ಬಾಯಿ ಬಿಟ್ಟೆ.

"ವಾಸಂತಿ, ಆ ಮೊಟ್ಟೆ ಎಲ್ಲ ತಿಂದದ್ದು ನಾನು."

ಅವಳು ಕಿಟಕಿಯ ಹೊರಗೆ ನೋಡುತ್ತಾ ಹೇಳಿದಳು: "ಅದು ನನಗೆ ಗೊತ್ತುಂಟಲ್ವಾ. ನೀನು ಹೇಳಬೇಕಾದ್ದು ಅಪ್ಪಯ್ಯನಿಗೆ. ಅವರು ಹೋಗಿ ಹನ್ನೆರಡು ವರ್ಷ ಆಯ್ತು."