ಟ್ರೇಲರಿನ ಹಿಂಬಾಗಿಲಲ್ಲಿ ಅಡುಗೆಮನೆ

ನನ್ನ ಕೋಪ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಇದೆ. ಬಹಳ ವರ್ಷ ಅದನ್ನೇ ಚುರುಕುತನ ಎಂದುಕೊಂಡಿದ್ದೆ. ಮೂರು ಚಳಿಗಾಲಗಳ ಹಿಂದೆ, ಪಾರ್ಸಿಪನಿಯ ಬಾಡಿಗೆ ಅಪಾರ್ಟ್‌ಮೆಂಟ್ ಬಿಟ್ಟು ಹಿಲ್ಸ್‌ಬರೋದ ಸ್ವಂತ ಮನೆಗೆ ಹೊರಟ ದಿನ, ಅದೇ ಚುರುಕುತನದಿಂದ ಒಬ್ಬ ಹಿರಿಯರ ಪಿಕಪ್ ಟ್ರಕ್ಕನ್ನು ಅವರ ಕೈತಪ್ಪಿಸಿದೆ.

ಅವರು ನಮ್ಮ ಹಿಂದಿನ ಬೀದಿಯಲ್ಲಿ ಮಗಳ ಜೊತೆ ಇದ್ದ ಧಾರವಾಡದ ಕಡೆಯ ನಿವೃತ್ತ ಎಂಜಿನಿಯರ್. ಎಲ್ಲರಂತೆ ನಾನೂ ಅವರನ್ನು ಅಂಕಲ್ ಎಂದೇ ಕರೆಯುತ್ತಿದ್ದೆ. ನಿವೃತ್ತಿಯ ಮೇಲೆ ಒಂದು ಹಳೆಯ ಪಿಕಪ್ ಕೊಂಡಿದ್ದರು. ನಮ್ಮವರು ಯಾರೇ ಮನೆ ಬದಲಾಯಿಸಲಿ, ಗಣೇಶನನ್ನು ತರಲಿ, ಸೋಫಾ ಸಾಗಿಸಲಿ, ಫೋನು ಅವರಿಗೇ ಹೋಗುತ್ತಿತ್ತು. ಅವರಿಗೂ ಅದೇ ಬೇಕಾಗಿತ್ತು. ಮಗಳಿಗೆ ಮಾತ್ರ ಭಯವಿತ್ತು. ಟ್ರೇಲರ್ ಬಾಡಿಗೆಗೆ ತಂದು ಅಂಕಲ್ ಅವರ ಟ್ರಕ್ಕಿಗೆ ಕಟ್ಟಿಕೊಳ್ಳುತ್ತೇನೆ ಎಂದಾಗ ಆಕೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದಳು, “ಸ್ನೋದಲ್ಲಿ ಅಪ್ಪ ಟ್ರೇಲರ್ ಟೋ ಮಾಡೋದು ಬೇಡ. ನೀವೇ ಡ್ರೈವ್ ಮಾಡಿ, ಪ್ಲೀಸ್. ಏನಾದ್ರೂ ಆದ್ರೆ ಐ ವಿಲ್ ಸೆಲ್ ದಟ್ ಟ್ರಕ್, ಅವರಿಗೂ ಹೇಳಿದೀನಿ.”

ಹಾಗಾಗಿ ಅಂಕಲ್ ಎರಡು ಭಾನುವಾರ ನನಗೆ ಪಾಠ ಮಾಡಿದರು. ಆಫೀಸುಗಳ ಖಾಲಿ ಪಾರ್ಕಿಂಗ್ ಲಾಟಿನಲ್ಲಿ, ಯಾರಿಂದಲೋ ಕಡ ತಂದ ಸಣ್ಣ ಟ್ರೇಲರ್ ಕಟ್ಟಿಕೊಂಡು ಸುತ್ತಿದೆವು. ಹಿಂದಕ್ಕೆ ಹೋಗುವಾಗ ಸ್ಟೇರಿಂಗಿನ ಕೆಳತುದಿ ಹಿಡಿ, ಟ್ರೇಲರ್ ಎತ್ತ ಹೋಗಬೇಕೋ ಕೈ ಅತ್ತ ಸರಿಸು. ಹಿಮ ಬಿದ್ದ ದಾರಿಯಲ್ಲಿ ಮುಂದಿನ ಕಾರಿಗೂ ನಮಗೂ ನಡುವೆ ಒಂದು ಓಣಿಯಷ್ಟು ಜಾಗ ಬಿಡು. ಟ್ರೇಲರ್ ತೂಗಾಡಿದರೆ ಬ್ರೇಕ್ ತುಳಿಯಬೇಡ, ಆಕ್ಸಿಲರೇಟರಿನಿಂದ ಕಾಲು ತೆಗೆದು ನೆಟ್ಟಗೆ ಹೋಗು. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಇಪ್ಪತ್ತು ವರ್ಷದಿಂದ ಈ ದೇಶದಲ್ಲಿ ಕಾರು ಓಡಿಸುತ್ತಿರುವವನಿಗೆ ಇಷ್ಟೆಲ್ಲ ಬೇಕೇ ಎಂದು ಒಳಗೊಳಗೇ ನಗುತ್ತಲೂ ಇದ್ದೆ.

ಗೃಹಪ್ರವೇಶದ ಮುಹೂರ್ತ ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ ಹತ್ತೂವರೆಗೆ ಸಿಕ್ಕಿತು. ಮಧ್ಯಾಹ್ನದಿಂದ ಸ್ನೋ ಜೋರಾಗುತ್ತದೆ ಎಂದು ಫೋನು ಹೇಳುತ್ತಿತ್ತು. ನನ್ನ ಹೆಂಡತಿಯ ಲೆಕ್ಕ ಸರಳವಾಗಿತ್ತು: ಹೊಸ ಮನೆಯೊಳಗೆ ಮೊದಲು ದೇವರು, ದೀಪ, ಆಮೇಲೆ ಹಾಲು ಉಕ್ಕಿಸುವ ಪಾತ್ರೆ, ಅದರ ಹಿಂದೆಯೇ ಅಡುಗೆಮನೆ. ಮೊದಲು ಇಳಿಯಬೇಕಾದದ್ದು ಕೊನೆಗೆ ಏರಬೇಕು. ಹಾಗಾಗಿ ಹಾಸಿಗೆ, ದಿಂಬು, ಖಾಲಿ ಬೀರುಗಳೆಲ್ಲ ಟ್ರೇಲರಿನ ಮುಂಭಾಗಕ್ಕೆ ಹೋದವು. ಗ್ರೈಂಡರು, ಎಂಟು ಮೂಟೆ ಸೋನಾ ಮಸೂರಿ, ನೂರು ಜನರ ಅಡುಗೆಗೆಂದು ಸ್ನೇಹಿತರಿಂದ ತಂದ ದಪ್ಪತಳದ ಪಾತ್ರೆಗಳು, ಅತ್ತೆಯವರು ಊರಿನಿಂದ ಹಡಗಿನಲ್ಲಿ ತರಿಸಿದ ಒರಳು, ಇವೆಲ್ಲ ಹಿಂಬಾಗಿಲಿಗೆ ಒತ್ತಿಕೊಂಡು ಕುಳಿತವು. ಶಾಸ್ತ್ರದ ಪ್ರಕಾರ ಒಂದಿಷ್ಟೂ ತಪ್ಪಿರಲಿಲ್ಲ. ಲೋಡ್ ಮುಗಿಸಿದ ಮೇಲೆ ಹೆಂಡತಿ ದೇವರ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತನ್ನ ಅಣ್ಣನ ಕಾರಿನಲ್ಲಿ ಮುಂದೆ ಹೋದಳು.

ಅಂಕಲ್ ಟ್ರಕ್ ತಂದು ನಿಲ್ಲಿಸಿ, ಕೊಂಡಿಗೆ ಸಿಕ್ಕಿಸುವ ಮುಂಚೆ ಟ್ರೇಲರಿನ ಮೂತಿಯನ್ನು ಎತ್ತಿ ನೋಡಿದರು. ಅದು ಒಂದೇ ಕೈಗೆ ಎದ್ದುಬಂತು.

“ತಮ್ಮಾ, ಭಾರ ಎಲ್ಲಾ ಹಿಂದಿನ ಬಾಗಲದಾಗ ಕುಂತದ. ಹಿಂಗ ಹೊಂಟ್ರ ಇದು ಬಾಲ ಬೀಸ್ತದ. ಅಕ್ಕಿ, ಗ್ರೈಂಡರ್ ಎಲ್ಲಾ ಮುಂದ ತಂದಿಡೂಣು. ಮುಕ್ಕಾಲು ತಾಸು ಸಾಕು.”

“ಅಂಕಲ್, ಮುಹೂರ್ತ ಹತ್ತೂವರೆಗೆ. ಪುರೋಹಿತರಿಗೆ ಆಮೇಲೆ ಇನ್ನೊಂದು ಮನೆ ಇದೆ.”

“ಮುಹೂರ್ತಕ್ಕ ಮೊದಲ ನಾವು ಅಲ್ಲಿ ನೆಟ್ಟಗ ಮುಟ್ಟಬೇಕಲ್ಲೋ.”

ಆಗ ನಾನು ನಾಲಿಗೆ ಹರಿಬಿಟ್ಟೆ. “ಇದು ನಿಮ್ಮೂರಿನ ಟ್ರ್ಯಾಕ್ಟರ್ ಅಲ್ಲ ಅಂಕಲ್. ನಿಮಗೆ ವಯಸ್ಸಾಯ್ತು, ಎಲ್ಲಕ್ಕೂ ಭಯ. ಸುಮ್ನೆ ಅಡ್ಡಗಾಲು ಹಾಕ್ಬೇಡಿ.”

ಅವರು ಕೊಂಡಿ ಹಾಕಿದರು, ಅದರಡಿಯಲ್ಲಿ ಸರಪಳಿಗಳನ್ನು ಕತ್ತರಿಯಾಕಾರಕ್ಕೆ ಬಿಗಿದರು, ಹಿಂದಿನ ದೀಪ ನೋಡಿದರು, ಪೊರಕೆ ತಂದು ಟ್ರೇಲರಿನ ನೆತ್ತಿಯ ಮೇಲಿನ ರಾತ್ರಿಯ ಹಿಮ ಗುಡಿಸಿದರು. ಆಮೇಲೆ ಕೀಲಿ ನನ್ನ ಕೈಗಿಟ್ಟು ಪಕ್ಕದ ಸೀಟಿನಲ್ಲಿ ಕುಳಿತರು. ಟ್ರಕ್ಕಿನ ಹಿಂಭಾಗ ಕೊಂಚ ಮೇಲೆದ್ದಿರುವುದು ನನಗೂ ಕಾಣುತ್ತಿತ್ತು. ಕಂಡೂ ಹೊರಟೆ.

ಮಧ್ಯಾಹ್ನಕ್ಕೆ ಬರಬೇಕಾದ ಹಿಮ ನಾವು 287 ಹೆದ್ದಾರಿ ಹತ್ತುವಾಗಲೇ ಶುರುವಾಯಿತು. ಮಾರಿಸ್‌ಟೌನ್ ದಾಟುವವರೆಗೆ ಎಲ್ಲ ಸರಿಯಿತ್ತು. ಬೆಡ್‌ಮಿನ್‌ಸ್ಟರ್ ಹತ್ತಿರದ ಇಳಿಜಾರಿನಲ್ಲಿ ಟ್ರೇಲರ್ ಎಡಗನ್ನಡಿಯಲ್ಲಿ ಕಂಡಿತು, ಆಮೇಲೆ ಬಲಗನ್ನಡಿಯಲ್ಲಿ, ಮತ್ತೆ ಎಡಗನ್ನಡಿಯಲ್ಲಿ. ಪ್ರತಿ ಸಲವೂ ಇನ್ನಷ್ಟು ದೊಡ್ಡದಾಗಿ ಕಾಣುತ್ತಿತ್ತು. “ಬ್ರೇಕ್ ತುಳೀಬ್ಯಾಡ! ಕಾಲ ತಗಿ, ನೆಟ್ಟಗ ಹಿಡಿ!” ಎಂದು ಅಂಕಲ್ ಕೂಗಿದರು. ಅವರ ಮಾತು ಸ್ಪಷ್ಟವಾಗಿ ಕೇಳಿಸಿತು. ಆದರೂ ನನ್ನ ಕಾಲು ಬ್ರೇಕನ್ನೇ ತುಳಿಯಿತು. ಟ್ರೇಲರ್ ಟ್ರಕ್ಕನ್ನು ಪಕ್ಕಕ್ಕೆ ತಳ್ಳಿತು. ಟ್ರಕ್ಕಿನ ಮೂತಿ ಗಾರ್ಡ್‌ರೇಲಿಗೆ ಗುದ್ದಿ ನಿಂತಿತು, ಟ್ರೇಲರ್ ಮಗುಚಿಕೊಂಡಿತು. ಹಿಂಬಾಗಿಲು ತೆರೆದುಕೊಂಡು ಅಕ್ಕಿ ಹಿಮದ ಮೇಲೆ ಚೆಲ್ಲಿತು.

ಯಾರಿಗೂ ಪೆಟ್ಟಾಗಲಿಲ್ಲ. ಅಂಕಲ್ ನನ್ನ ಭುಜ ಹಿಡಿದು, “ಇವತ್ತು ನಿನ್ನ ಮನಿ ವಾಸ್ತುಶಾಂತಿ ಅದ. ಇವತ್ತು ನಿನ್ನ ಮ್ಯಾಲೆ ಯಾವ ಮಾತೂ ಬರೂದು ಬ್ಯಾಡ. ಈಗ ನಾ ನೋಡ್ಕೋತೀನಿ. ಆಮ್ಯಾಲೆ ನನ್ನ ಮಗಳಿಗೆ ಖರೇ ಏನಂತ ನೀನ ಹೇಳು,” ಎಂದರು.

ಮಗಳು ಗಾಬರಿಯಿಂದ ಕಾರು ಓಡಿಸಿಕೊಂಡು ಬಂದಳು. ಅಂಕಲ್ ನನ್ನೆದುರಿಗೇ ಅವಳಿಗೆ ಹೇಳಿದರು: ಭಾರ ಹಿಂದೆ ಇಡಿಸಿದ್ದು ತಾನೇ, ಬ್ರೇಕ್ ತುಳಿ ಎಂದು ಕೂಗಿದ್ದೂ ತಾನೇ, ಪಾಪ, ಇವನು ಹೇಳಿದಂತೆ ಮಾಡಿದ. ಆಕೆ ಅಪ್ಪನನ್ನು ಬಹಳ ಹೊತ್ತು ನೋಡಿದಳು. ನಾನು ಬೂಟಿನಲ್ಲಿ ಹಿಮ ಕೆದಕುತ್ತಾ ನಿಂತಿದ್ದೆ. ಒಂದು ವಾಕ್ಯದ ಕೆಲಸ ಅಷ್ಟೇ. ಬಾಯಿಗೆ ಬೀಗ ಬಿದ್ದಿತ್ತು.

ಹೊಸ ಮನೆಯಲ್ಲಿ ಪಕ್ಕದವರ ಪಾತ್ರೆಯಲ್ಲಿ, ತಡವಾಗಿ, ಹಾಲು ಉಕ್ಕಿತು. ಮೊದಲ ವಾರ ಮನೆ ಜೋಡಿಸುವ ನೆಪ. ಎರಡನೆಯ ವಾರ ಆಫೀಸಿನ ನೆಪ. ಆಮೇಲೆ, ಇಷ್ಟು ದಿನ ಸುಮ್ಮನಿದ್ದು ಈಗ ಹೇಗೆ ಹೇಳುವುದು ಎಂಬುದೇ ನೆಪವಾಯಿತು. ಅಂಕಲ್ ಬೇಡವೆಂದದ್ದನ್ನಾಗಲಿ, ಬ್ರೇಕಿನ ನಿಜವನ್ನಾಗಲಿ ಹೆಂಡತಿಗೂ ಹೇಳಲಿಲ್ಲ. ಅವಳು ಒಂದು ದಿನ, “ಪಾಪ, ಅಂಕಲ್‌ಗೆ ಈಗೀಗ ತಿಳಿಯೋದಿಲ್ಲ ಅನ್ಸುತ್ತೆ,” ಎಂದಾಗಲೂ ಹೂಂಗುಟ್ಟಿದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಏಪ್ರಿಲ್‌ನಲ್ಲಿ ಕೊನೆಗೂ ಪಾರ್ಸಿಪನಿಗೆ ಹೋದೆ. ಅವರ ಡ್ರೈವ್‌ವೇ ಖಾಲಿಯಾಗಿತ್ತು. ಬಾಗಿಲು ತೆರೆದ ಮಗಳಿಗೆ ನಿಂತಲ್ಲೇ ಎಲ್ಲ ಹೇಳಿದೆ: ಲೋಡ್ ಮಾಡಿದ್ದು ನಾನು, ಅವರು ಬೇಡವೆಂದದ್ದು, ನಾನು ಬೈದದ್ದು, ಬ್ರೇಕ್. ಆಕೆ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

“ಟ್ರಕ್ ರಿಪೇರಿ ಮಾಡಿಸಿ ಹೋದ ತಿಂಗಳು ಮಾರ್ಬಿಟ್ಟೆ. ಅದು ಹೋಗ್ಲಿ. ಅಷ್ಟು ಹುಷಾರಾಗಿರೋರು ಬ್ರೇಕ್ ತುಳಿ ಅಂತ ಕೂಗಿದೆ ಅಂದ್ರಲ್ಲ, ಐ ಥಾಟ್ ಹೀ ವಾಸ್ ಗೆಟಿಂಗ್ ಕನ್‌ಫ್ಯೂಸ್ಡ್. ಡಾಕ್ಟರ್ ಹತ್ರ ಕರ್ಕೊಂಡು ಹೋಗಿ ಮೆಮೊರಿ ಟೆಸ್ಟ್ ಮಾಡಿಸಿದೆ. ಗಡಿಯಾರದ ಚಿತ್ರ ಬರೀರಿ ಅಂದ್ರು, ಇವತ್ತು ಯಾವ ವಾರ ಅಂದ್ರು. ಅಪ್ಪ ಎಲ್ಲಾ ಸರಿಯಾಗೇ ಹೇಳಿದ್ರು. ಆದ್ರೂ ನನಗೇ ನಂಬಿಕೆ ಬರ್ಲಿಲ್ಲ.”

ನನಗೆ ಅಲ್ಲಿಂದ ಓಡಿಹೋಗಬೇಕೆನಿಸಿತು. ಆಕೆ ಒಳಗೆ ಕೈತೋರಿಸಿದಳು. ಅಂಕಲ್ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಬಾಗಿಲಲ್ಲಿ ಆಡಿದ್ದೆಲ್ಲ ಅವರಿಗೆ ಕೇಳಿಸಿತ್ತು. ಕಾಲು ಮುಟ್ಟಲು ಬಗ್ಗಿದೆ, ಬಿಡಲಿಲ್ಲ, ಪಕ್ಕದ ಕುರ್ಚಿ ಎಳೆದು ಕೂರಿಸಿದರು.

“ಆ ಟೆಸ್ಟಿಗೆ ಕೂತಾಗಲಾದ್ರೂ ನೀವೇ ನಿಜ ಹೇಳ್ಬಹುದಿತ್ತಲ್ಲ ಅಂಕಲ್?” ಎಂದೆ. ಆ ಹೊತ್ತಿನಲ್ಲೂ ನಾನು ಕೇಳಿದ್ದು ಅದನ್ನೇ.

“ಹೇಳ್ಬಹುದಿತ್ತು,” ಎಂದರು. “ನೀ ಬಂದು ಹೇಳ್ತಿ ಅಂತ ದಾರಿ ಕಾಯ್ಕೋತ ಕುಂತಿದ್ದೆ, ತಮ್ಮಾ.”