ನೆಲಕ್ಕೆ ಇಳಿದ ಬ್ಯೂರೆಟ್

ಕೊಳ್ಳೇಗಾಲದಲ್ಲಿ ರೇಷ್ಮೆ ನೇಯುವ ಹೊನ್ನಯ್ಯನವರ ಮೂವರು ಮಕ್ಕಳಲ್ಲಿ ಅನಸೂಯ ಕೊನೆಯವಳು. ಮೂರು ವರ್ಷದವಳಿದ್ದಾಗ ಬಂದ ಪೋಲಿಯೊ ಅವಳ ಎಡಗಾಲನ್ನು ಸೊರಗಿಸಿತ್ತು. ಗುಂಡಿ ಮಗ್ಗದಲ್ಲಿ ನೇಯುವವರು ನೆಲಮಟ್ಟದಲ್ಲಿ ಕೂತು, ಗುಂಡಿಯೊಳಗೆ ಕಾಲು ಇಳಿಬಿಟ್ಟು, ಎರಡೂ ಕಾಲಿನಿಂದ ಹಲಗೆ ತುಳಿಯಬೇಕು. ಅದು ಅವಳಿಂದಾಗದು. ಕಾಲಿನ ಹಂಗಿಲ್ಲದ ಕೆಲಸ ಓದೊಂದೇ ಎಂದು ಹೊನ್ನಯ್ಯ ಅವಳನ್ನು ಬಿ.ಎಸ್ಸಿ.ಗೆ ಸೇರಿಸಿದರು. ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಮೂರು ಗಂಟೆ ನಿಂತಿರಬೇಕೆಂಬುದು ಅವರಿಗೆ ಗೊತ್ತಿರಲಿಲ್ಲ.

ನಾನು ಆಗ, ಅಂದರೆ 1971ರಲ್ಲಿ, ಆ ಲ್ಯಾಬಿನ ಡೆಮಾನ್‌ಸ್ಟ್ರೇಟರ್. ನಿಲ್ಲಲು ಅವಳಿಗೆ ಒಂದು ಕೈಯಲ್ಲಿ ಕೋಲು ಬೇಕು. ಟೈಟ್ರೇಷನ್‌ಗೆ, ಅಂದರೆ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಅಳೆಯುವುದಕ್ಕೆ, ಎರಡೂ ಕೈ ಬೇಕು: ಒಂದು ಬ್ಯೂರೆಟ್ ಎಂಬ ಗೆರೆ ಹಾಕಿದ ಉದ್ದ ಗಾಜಿನ ಕೊಳವೆಯ ತಿರುಪಿಗೆ, ಇನ್ನೊಂದು ಕೆಳಗಿನ ಫ್ಲಾಸ್ಕನ್ನು ಅಲುಗಿಸುವುದಕ್ಕೆ. ಅಟೆಂಡರ್ ಜಡೇಸ್ವಾಮಿ ಒಂದು ಸ್ಟೂಲು ಹುಡುಕಿ ತಂದ. ಅಲ್ಲಿಗೆ ತೊಂದರೆ ಮುಗಿಯಿತೆಂದುಕೊಂಡೆವು.

ಆದರೆ ಅವಳ ಅಳತೆ ಪ್ರತಿ ಸಲವೂ 0.2, 0.3 ಮಿಲಿಲೀಟರ್ ಕಡಿಮೆ ಬರುತ್ತಿತ್ತು. ಎರಡು ತಿಂಗಳು ಅವಳ ರೆಕಾರ್ಡಿನಲ್ಲಿ 'ಗಮನವಿಲ್ಲ' ಎಂದು ಕೆಂಪು ಶಾಯಿಯಲ್ಲಿ ಬರೆದೆ. ಒಂದು ದಿನ ಅವಳ ಒಂಬತ್ತು ಅಳತೆಗಳನ್ನು ಒಟ್ಟಿಗೆ ನೋಡಿದಾಗ ಅನುಮಾನ ಬಂತು. ಗಮನ ತಪ್ಪಿದವರ ಅಳತೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬರಬೇಕು. ಇವಳದು ಬರೀ ಕಡಿಮೆ. ಅವಳ ಸ್ಟೂಲಿನ ಮೇಲೆ ನಾನೇ ಕೂತು ನೋಡಿದೆ. ಬ್ಯೂರೆಟ್ಟಿನ ಮೇಲ್ತುದಿಯ ಸೊನ್ನೆಯ ಗೆರೆ ಕಣ್ಣಿಗಿಂತ ಗೇಣು ಮೇಲಿತ್ತು. ಕೆಳಗಿನಿಂದ ನೋಡಿದರೆ ದ್ರವದ ಮಟ್ಟ ಇರುವುದಕ್ಕಿಂತ ತಗ್ಗಾಗಿ ಕಾಣುತ್ತದೆ. ಸೊನ್ನೆಗೆ ತುಂಬಿಸಿದೆನೆಂದುಕೊಂಡು ಅವಳು ಅದಕ್ಕೂ ಮೇಲೆ ತುಂಬಿಸುತ್ತಿದ್ದಳು. ಆ ಹೆಚ್ಚಿನ ಹನಿಗಳು ಲೆಕ್ಕಕ್ಕೆ ಬರದೆ ಅಳತೆ ಕಡಿಮೆಯಾಗುತ್ತಿತ್ತು. ಕೆಂಪು ಶಾಯಿಯ ಮಾತುಗಳನ್ನೆಲ್ಲ ಹೊಡೆದುಹಾಕಿದೆ.

ಇನ್ನೂ ಎತ್ತರದ ಸ್ಟೂಲಾದರೆ ಕಾಲು ನೆಲಕ್ಕೆ ತಾಗದೆ ಅವಳು ವಾಲುತ್ತಿದ್ದಳು. ಹೊನ್ನಯ್ಯನವರನ್ನು ಕರೆಸಿ ವಿಷಯ ತಿಳಿಸಿದೆ. ಅವರು ಮೇಜಿನ ಸುತ್ತ ಒಂದು ಸುತ್ತು ಬಂದರು.

"ನಾವು ಆಳ್ಗೆ ತಕ್ಕಂಗೆ ಮಗ್ಗ ಊಡ್ತೀವಿ ಸಾ. ನೀವು ಆಳ್ನೇ ಅಟ್ಟಕ್ಕೇರಿಸ್ತಿದ್ದೀರಲ್ಲ. ಆ ಗಾಜಿನ ಕೊಳ್ವೆನೇ ನೆಲಕ್ಕಿಳ್ಸಿ."

ಮರುದಿನ ಬ್ಯೂರೆಟ್ಟಿನ ಸ್ಟ್ಯಾಂಡು ನೆಲಕ್ಕಿಳಿಯಿತು. ಅನಸೂಯ ಮಣೆಯ ಮೇಲೆ ಕೂತು ಎಡಗಾಲು ಚಾಚಿಕೊಂಡಳು. ಸೊನ್ನೆ ಕಣ್ಣಿನ ಮಟ್ಟಕ್ಕೆ ಬಂತು. ಕೆಳಗಿನ ಗೆರೆಗಳಿಗೆ ಬೆನ್ನು ಬಗ್ಗಿಸಿದರೆ ಸಾಕು. ಅಂದಿನಿಂದ ಅಳತೆ ಸರಿಯಾಯಿತು.

ಮುಂದಿನ ಏಪ್ರಿಲ್‌ನಲ್ಲಿ ವರ್ಷದ ಕೊನೆಯ ಪರೀಕ್ಷೆ. ಪ್ರಾಯೋಗಿಕದಲ್ಲಿ ಪ್ರತ್ಯೇಕವಾಗಿ ಪಾಸಾಗದಿದ್ದರೆ ಪದವಿಯಿಲ್ಲ. ಮೈಸೂರಿನಿಂದ ಬಂದ ಪರೀಕ್ಷಕರು ನೆಲದ ಮೇಲೆ ಕೂತ ಹುಡುಗಿಯನ್ನು ಕಂಡು ನೊಂದುಕೊಂಡರು. ಕೆಟ್ಟವರಲ್ಲ. ಅವಳು ಕುರ್ಚಿಯಲ್ಲಿ ಕೂರಲಿ, ಅಟೆಂಡರ್ ಅಳೆದು ಹೇಳಲಿ, ಲೆಕ್ಕ ಮಾತ್ರ ಅವಳು ಮಾಡಲಿ, ಪಾಸಿನ ಅಂಕ ಕೊಡುತ್ತೇನೆ ಎಂದರು.

ಜಡೇಸ್ವಾಮಿ ಗೋಡೆಗೆ ಸರಿದ. "ನಾನು ಎಂಟ್ನೇ ಕ್ಲಾಸ್ನಲ್ಲೇ ಡುಮ್ಕಿ ಸಾ. ನನ್ನ ಬಿ.ಎಸ್ಸಿ. ಪಾಸ್ ಮಾಡ್ಬ್ಯಾಡಿ."

ಅನಸೂಯ ನಗಲಿಲ್ಲ. "ಅಳತೆ ನೋಡೋದೇ ಪರೀಕ್ಷೆ ಅಲ್ವಾ ಸಾ? ಅದ್ನ ಬಿಟ್ರೆ ನಾನೇನು ಪಾಸಾದಂಗಾಯ್ತು? ನಿಂತ್ಕಳೋದು ಪರೀಕ್ಷೆ ಅಲ್ವಲ್ಲ."

ಪರೀಕ್ಷಕರು ನಿಯಮದ ಪುಸ್ತಕ ತೆಗೆದರು. ಪ್ರತಿ ಅಳತೆಯನ್ನೂ ಪರೀಕ್ಷಕರಿಗೆ ತೋರಿಸಬೇಕೆಂದು ಅದರಲ್ಲಿತ್ತು. ನಿಲ್ಲಬೇಕೆಂದು ಎಲ್ಲೂ ಇರಲಿಲ್ಲ. ಹುಡುಕುವುದರಲ್ಲಿ ಅವಳ ಹತ್ತು ನಿಮಿಷ ಹೋಯಿತು. ಅಷ್ಟನ್ನು ಕೊನೆಗೆ ಸೇರಿಸಿಕೊಡಿ ಎಂದು ಕೇಳಿದೆ. ಒಪ್ಪಿದರು.

ಮೊದಲ ಅಳತೆ ನೋಡಲು ಅವರು ಮೇಲಿನಿಂದಲೇ ಬಗ್ಗಿದರು, ಕಾಣಲಿಲ್ಲ. ಪ್ಯಾಂಟು ಮೇಲೆಳೆದುಕೊಂಡು ಮಂಡಿಯೂರಿದರು. ಅವರು ಓದಿದ್ದು 20.4, ಅವಳ ಹಾಳೆಯಲ್ಲೂ 20.4. ಎರಡನೆಯದು 20.6 ಬಂತು. ಇಷ್ಟು ಸಾಕಮ್ಮ ಎಂದರು. ಎರಡು ಅಳತೆ ಒಂದೇ ಆಗದೆ ಲೆಕ್ಕ ಕಟ್ಟಬಾರದೆಂದು ಅವಳು ಮತ್ತೆ ಫ್ಲಾಸ್ಕ್ ತೊಳೆದಳು. ಮೂರನೆಯದು 20.4. ಅವರು ಮತ್ತೆ ಮಂಡಿಯೂರಿ ನೋಡಿದರು.

ಉತ್ತರದ ಮುಂದೆ ಏಕಮಾನ ಬರೆದಿರಲಿಲ್ಲ. ಅಲ್ಲಿ ಕೆಂಪು ಸುತ್ತು ಹಾಕಿ, ಒಂದು ಅಂಕ ಕಳೆದು, ಹೇಳಬಾರದಾಗಿದ್ದರೂ ಹೇಳಿದರು: ಮೂವತ್ತಕ್ಕೆ ಇಪ್ಪತ್ತೊಂಬತ್ತು.

ಅನಸೂಯ ಆ ಸುತ್ತನ್ನೇ ನೋಡಿದಳು. "ಇದ್ಕೆ ಎಲ್ರಿಗೂ ಕಳೀತೀರಾ ಸಾ?"

"ಎಲ್ಲರಿಗೂ."

"ಅಂಗಾದ್ರೆ ಸರಿ," ಎಂದು ಅವಳು ಬ್ಯೂರೆಟ್ ತೊಳೆಯಲು ಬಿಚ್ಚಿದಳು.