ಕೆಂಚಪ್ಪ ಬಿಚ್ಚಿದ ಡ್ಯಾಂಪರ್

ಅರಸೀಕೆರೆಯ ಕಮ್ಮಾರ ಕೆಂಚಪ್ಪ ಮೋಟಾರು ಕೆಲಸವನ್ನು ನೋಡಿ ನೋಡಿಯೇ ಕಲಿತವನು. ಕೈ ನಯ, ಬಾಯಿ ಬಿರುಸು. ಯುದ್ಧದ ಕಾಲ, ಬಿಡಿಭಾಗಗಳು ಸಿಗುವುದೇ ದುರ್ಲಭ. ಒಂದು ಬೆಳಿಗ್ಗೆ ಬೇಲೂರಿನ ಬಸ್ಸು ಜಾವಗಲ್ಲಿನಲ್ಲಿ ನಿಂತುಬಿಟ್ಟಿತೆಂದು ಅದರ ಮಾಲೀಕ ರೇವಣಸಿದ್ದಪ್ಪ ಅವನನ್ನು ಕರೆಸಿಕೊಂಡ.

ಚಾಲೂ ಮಾಡಿದರೆ ಇಂಜಿನ್ನು ಚಳಿಜ್ವರ ಬಂದವರಂತೆ ನಡುಗುತ್ತಿತ್ತು. ಅದರ ಮುಖ್ಯ ದಂಡದ ಮೂತಿಯಲ್ಲಿ ಒಂದು ಗಾಲಿ: ಕಬ್ಬಿಣದ ಎರಡು ಬಳೆ, ನಡುವೆ ರಬ್ಬರು. ದಂಡದ ನಡುಕವನ್ನು ನುಂಗಿಕೊಳ್ಳುವ ಡ್ಯಾಂಪರ್ ಅದು. ಹೊರಗಿನ ಬಳೆ ಸಡಿಲವಾಗಿತ್ತು.

"ಸುತ್ತಿಗೇಲಿ ನಾಕು ಬಿಗಿ, ಉದುರ್ತದೆ," ಎಂದ ರೇವಣಸಿದ್ದಪ್ಪ.

"ಬಡುದ್ರೆ ದಂಡ ಕೆಡ್ತೈತೆ ಕಣ್ರೀ. ಎಳೀಬೇಕು."

ಕೆಂಚಪ್ಪ ರೇಡಿಯೇಟರ್ ಇಳಿಸಿದ. ತಾನೇ ಕಾಯಿಸಿ ಬಡಿದ ದಪ್ಪ ಪಟ್ಟಿಯನ್ನು ಎರಡು ಬೋಲ್ಟಿನಿಂದ ಗಾಲಿಗೆ ಬಿಗಿದ. ಪಟ್ಟಿಯ ನಡುವಿನ ಇನ್ನೊಂದು ಬೋಲ್ಟನ್ನು ದಂಡದ ತುದಿಗೆ ಒತ್ತಿ ಕಾಲು ಸುತ್ತು ತಿರುಗಿಸಿದ, ಮತ್ತೆ ಕಾಲು ಸುತ್ತು. ಗಾಲಿ ಕೂದಲೆಳೆಯಷ್ಟು ಸರಿಯಿತು.

"ಕಮ್ಮಾರ ಆಗಿ ಸುತ್ತಿಗೆಗೆ ಹೆದರ್ತೀಯೇನ್ಲಾ?" ಎಂದ ರೇವಣಸಿದ್ದಪ್ಪ.

ಸುತ್ತ ನಿಂತ ಪ್ರಯಾಣಿಕರು ನಕ್ಕರು. ಕೆಂಚಪ್ಪ ಹಲ್ಲು ಕಚ್ಚಿಕೊಂಡು ತಿರುಗಿಸುತ್ತಲೇ ಇದ್ದ. ಕೊನೆಗೆ ಗಾಲಿ ಕೈಗೆ ಬಂತು. ಅದರ ಹಿಂಬದಿಯ ತುಂಬ ಹಳೆಯ ಏಟಿನ ಗುರುತು, ನಡುಮಧ್ಯದಿಂದ ಅಂಚಿನವರೆಗೂ ಬಿರುಕು.

"ಮುಂಚೆ ಇದ್ನ ಯಾರು ಬಡುದ್ರು?"

"ನಾನೇ ಬಡಿಸ್ದೆ. ಏನೀಗ? ತಂತಿ ಸುತ್ತಿ ತಿರುಗಾ ಹಾಕು."

"ಓಡುವಾಗ ಸಿಡುದ್ರೆ ಮುಂದೆ ಕೂತೋರ ಕಾಲು ಉಳಿಯಲ್ಲ!"

"ಹೇಳಿದಷ್ಟು ಮಾಡೋ."

ಮುಂದಿನ ಸೀಟಿನಲ್ಲಿ ಕೂರಬೇಕಿದ್ದ ಬೋರಮ್ಮನೆಂಬ ಮುದುಕಿ ಬುಟ್ಟಿ ಎತ್ತಿಕೊಂಡಳು. "ನಾನು ನಡ್ಕಂಡೇ ಹೋಯ್ತೀನಿ ಕಣಪ್ಪ," ಎಂದು ಹೊರಟೇಬಿಟ್ಟಳು. ಆಗ ಯಾರೂ ನಗಲಿಲ್ಲ.

ಕೆಂಚಪ್ಪ ಗಾಲಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದ. ರೇವಣಸಿದ್ದಪ್ಪ ಅವನ ಅಂಗಿ ಹಿಡಿದು ಜಗ್ಗಿದ. ಅಂಗಿ ಹರಿಯಿತು, ಕೆಂಚಪ್ಪ ಗಾಲಿ ಬಿಡಲಿಲ್ಲ. ಎತ್ತಿನ ಗಾಡಿ ಹಿಡಿದು ಅರಸೀಕೆರೆಗೆ ಬಂದವನೇ, ಹರಿದ ಅಂಗಿಯಲ್ಲೇ ತಾಲ್ಲೂಕು ಕಚೇರಿಗೆ ನುಗ್ಗಿ, ಅಮಲ್ದಾರರ ಮೇಜಿನ ಮೇಲೆ ಅದನ್ನು ಧೊಪ್ಪನೆ ಇಟ್ಟ.

"ಇದ್ನ ಬಸ್ಸಿಗೆ ತಿರುಗಾ ಹಾಕಿ ಜನ ಕೂರಿಸ್ತಾರಂತೆ ಸ್ವಾಮಿ! ನೀವು ಕೂರ್ತೀರಾ?"

ಅಮಲ್ದಾರರು ಬಿರುಕಿನ ಮೇಲೆ ಬೆರಳಾಡಿಸಿ ನೋಡಿದರು. ಹೊಸ ಗಾಲಿ ಬರುವವರೆಗೆ ಬಸ್ಸು ಕದಲಕೂಡದೆಂದು ಆಜ್ಞೆಯಾಯಿತು. ಆ ಗಾಲಿ ಮದರಾಸಿನಿಂದ ರೈಲಿನಲ್ಲಿ ಬರಲು ಐವತ್ತು ದಿನ ಹಿಡಿಯಿತು. ಅದನ್ನು ಕೂರಿಸಲು ಕೆಂಚಪ್ಪನನ್ನು ಕರೆಯಲಿಲ್ಲ. ಮುಂದೆಯೂ ಆ ಬಸ್ಸಿನ ಕೆಲಸ ಅವನಿಗೆ ಸಿಗಲಿಲ್ಲ.

ವರ್ಷ ಕಳೆದ ಮೇಲೂ ಆ ಬಸ್ಸು ಬೀದಿಯಲ್ಲಿ ಹಾದರೆ ಅವನ ಮುಖ ಕೆಂಪಾಗುತ್ತಿತ್ತು. "ಇನ್ನೂ ಆರ್ಲಿಲ್ವೆ ನಿನ್ನ ಸಿಟ್ಟು?" ಎಂದು ಹೆಂಡತಿ ರಂಗಮ್ಮ ಕೇಳಿದಳು.

"ಯಾಕೆ ಆರ್ಬೇಕು?" ಎಂದು ಕೆಂಚಪ್ಪ ಕುಲುಮೆಯ ತಿದಿ ಒತ್ತಿದ.